ಬೋರಣ್ಣನ ನಗು ಮತ್ತು ನಾಲ್ಕು ಡಿಸ್ಕುಗಳು

ಜರಗನಹಳ್ಳಿಗೆ ಬಂದು ಗೂಳಪ್ಪನ ಮನೆ ಯಾವುದು ಅಂತ ಕೇಳಿದರೆ ಯಾರಿಗೂ ಥಟ್ಟನೆ ಹೊಳೆಯುತ್ತಿರಲಿಲ್ಲ. ತೀರಿಕೊಂಡವರ ನಗುವ ಫೋಟೊ ಎಲ್ಲಿ ಸಿಗುತ್ತೆ ಅಂತ ಕೇಳಿ ನೋಡಬೇಕಿತ್ತು. ಬೇಕರಿ ಮುಂದೆ ಟೀ ಕುಡಿಯುತ್ತಾ ನಿಂತವರು ಗ್ಲಾಸು ಹಿಡಿದ ಕೈಯಲ್ಲೇ ದಾರಿ ತೋರಿಸುತ್ತಿದ್ದರು. ಈಗ ತೋರಿಸುವುದಿಲ್ಲ. ಯಾಕೆ ಅನ್ನುವುದನ್ನೇ ಹೇಳಲಿಕ್ಕೆ ಕೂತಿದ್ದೇನೆ.

ಗೂಳಪ್ಪ ಮದುವೆ ವಿಡಿಯೊ ತೆಗೆಯುವವನು. ಅಪ್ಪ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಅಣ್ಣ ಕಟ್ಟಡ ಎಬ್ಬಿಸಿ ಬಾಡಿಗೆಗೆ ಬಿಟ್ಟ. ಟೆರೇಸಿನಲ್ಲಿ ನೀರಿನ ಟ್ಯಾಂಕಿನ ಪಕ್ಕದ ರೂಮು ತಮ್ಮನ ಪಾಲಿಗೆ ಉಳಿಯಿತು. ಗೂಳಪ್ಪನಿಗೆ ಮದುವೆಯಾಗಲಿಲ್ಲ. ಕೇಳಿದವರಿಗೆ, ಎಲ್ಲರ ಮದುವೆಯಲ್ಲೂ ಇರುತ್ತೇನಲ್ಲ ಸಾಲದೇ ಅನ್ನುತ್ತಿದ್ದ. ಆಮೇಲೆ ಡ್ರೋನ್ ಹಾರಿಸುವ ಹುಡುಗರು ಬಂದರು. ಇವನನ್ನು ಕರೆಯುವವರು ಕಡಿಮೆಯಾದರು.

ಆದರೂ ಆ ರೂಮಿಗೆ ಜನ ಮೆಟ್ಟಿಲು ಹತ್ತಿ ಬರುತ್ತಿದ್ದರು. ಯಾರಾದರೂ ತೀರಿಕೊಂಡಾಗ. ಹಳ್ಳಿಯ ಹಿರಿಯರು ಫೋಟೊ ಅಂದರೆ ಬಿಗಿದುಕೊಂಡು ನಿಲ್ಲುವವರು. ಅವರು ಮೈಮರೆತು ನಕ್ಕದ್ದು ಯಾವುದೋ ಮದುವೆಯ ಊಟದ ಸಾಲಿನಲ್ಲಿ ಮಾತ್ರ. ಗೂಳಪ್ಪ ಹುಡುಕಿ ಕೊಡುತ್ತಿದ್ದ. ಯಾಕೆಂದರೆ ಅವನು ಮದುವೆಯವರಿಗೆ ಕೊಟ್ಟ ವಿಡಿಯೊ ಅಷ್ಟೇ ಅಲ್ಲ, ಕ್ಯಾಮರಾದಿಂದ ಇಳಿಸಿದ್ದನ್ನೆಲ್ಲ ಹಾಗೇ ಇಟ್ಟುಕೊಂಡಿದ್ದ.

ಅದಕ್ಕೆ ಜಾಗ ಬೇಕಲ್ಲ. ಕಂಪ್ಯೂಟರ್ ಸಾಮಾನು ಸಿಗುವ ಎಸ್.ಪಿ. ರೋಡಿನಿಂದ ಒಂದೇ ದಿನ, ಒಂದೇ ಅಂಗಡಿಯಿಂದ, ಒಂದೇ ಕಂಪನಿಯ ನಾಲ್ಕು ದೊಡ್ಡ ಹಾರ್ಡ್ ಡಿಸ್ಕು ತಂದ. ಯೂಟ್ಯೂಬ್ ನೋಡಿಕೊಂಡು, ಬರೀ ಸಾಫ್ಟ್‌ವೇರಿನಲ್ಲೇ ನಾಲ್ಕನ್ನೂ ಸೇರಿಸಿ ಒಂದೇ ಡ್ರೈವ್ ಆಗಿ ಕಾಣುವ ಹಾಗೆ ಮಾಡಿದ. ಅದಕ್ಕೆ ರೇಡ್ ಅನ್ನುತ್ತಾರೆ. ಪ್ರತಿಯೊಂದು ಮದುವೆಯೂ ಚೂರುಚೂರಾಗಿ ನಾಲ್ಕು ಡಿಸ್ಕಿನ ಮೇಲೂ ಹರಡಿಕೊಳ್ಳುತ್ತದೆ. ಒಂದು ಕೆಟ್ಟರೆ ಉಳಿದ ಮೂರು ಅದರ ಪಾಲನ್ನೂ ಲೆಕ್ಕ ಹಾಕಿ ಕೊಡುತ್ತವೆ. ಚಟ್ಟ ಹೊರುವಾಗ ಒಬ್ಬ ಹೆಗಲು ತಪ್ಪಿಸಿದರೂ ಮೂವರು ಹೇಗೋ ಸಾಗಿಸುತ್ತಾರಲ್ಲ, ಹಾಗೆ. ಇಬ್ಬರು ಬಿಟ್ಟರೆ ಮಾತ್ರ ನೆಲಕ್ಕೆ.

ನಾಲ್ಕೂ ಡಿಸ್ಕು ಕೂತ ಆ ಕಂಪ್ಯೂಟರ್ ಪೆಟ್ಟಿಗೆಯನ್ನು ಅವನು ಒಂದು ದಿನವೂ ಆಫ್ ಮಾಡಿದವನಲ್ಲ. ಕರೆಂಟು ಹೋದರೆ ಯುಪಿಎಸ್ಸು, ಸೆಕೆಯಾದರೆ ಟೇಬಲ್ ಫ್ಯಾನು. ವರ್ಷಗಟ್ಟಲೆ ಅದರ ಗುಂಯ್ ಸದ್ದಿನ ಪಕ್ಕದಲ್ಲೇ ಮಲಗಿದ.

ಎಲ್ಲವನ್ನೂ ಯಾಕೆ ಇಟ್ಟುಕೊಂಡಿದ್ದ ಅನ್ನುವುದು ಅವನೊಬ್ಬನಿಗೇ ಗೊತ್ತು. ಮದುವೆಯವರಿಗೆ ಕೊಡುವ ವಿಡಿಯೊದಲ್ಲಿ ಮಾತನ್ನೆಲ್ಲ ಅಳಿಸಿ ಹಾಡು ಹಾಕುತ್ತಾರೆ. ಅಳಿಸದೆ ಉಳಿದದ್ದರಲ್ಲಿ ಜನ ಕ್ಯಾಮರಾ ಹಿಂದೆ ನಿಂತವನ ಜೊತೆ ಮಾತಾಡುತ್ತಾರೆ. ಗೂಳಣ್ಣ, ನನ್ನ ಹೊಟ್ಟೆ ಕಾಣದ ಹಾಗೆ ತೆಗಿ. ಗೂಳಪ್ಪ, ಬಿಸಿಲಲ್ಲಿ ನಿಂತಿದೀಯಲ್ಲ, ಮಜ್ಜಿಗೆ ಕುಡಿ. ಸಂಜೆ ಹೊತ್ತು ಅವನು ಯಾವುದಾದರೂ ಮದುವೆ ಹಾಕಿಕೊಂಡು, ಅತ್ತಿಗೆ ಬೈರಮ್ಮ ಕೆಳಗಿನಿಂದ ಕಳಿಸಿದ ಮುದ್ದೆ ಮುರಿಯುತ್ತಿದ್ದ. ಒಂದು ರೂಮಿನ ತುಂಬ ಜನ ಅವನ ಹೆಸರು ಹಿಡಿದು ಕರೆಯುತ್ತಿದ್ದರು.

ಈ ಸಲ ದಸರೆಗೆ ಮುಂಚೆ ಬೋರಣ್ಣ ತೀರಿಕೊಂಡ. ಹಿಂದಿನ ಬೀದಿಯ ಹಿರಿಯ, ಗೂಳಪ್ಪನನ್ನು ಎತ್ತಿ ಆಡಿಸಿದವನು. ಹೆಗಲು ಕೊಟ್ಟವರಲ್ಲಿ ಗೂಳಪ್ಪನೂ ಒಬ್ಬ. ಬೋರಣ್ಣನ ಮಗ ಸಿದ್ದರಾಜು ಪೆನ್ ಡ್ರೈವ್ ಹಿಡಿದು ಮೇಲೆ ಬಂದ.

"ಅಪ್ಪ ಯಾವ್ ಫೋಟೊದಲ್ಲೂ ನಕ್ಕಿಲ್ಲ ಕಣಣ್ಣ. ಆಧಾರ್ ಕಾರ್ಡಿಂದು ಹಾಕಿ ಫ್ಲೆಕ್ಸ್ ಮಾಡ್ಸಿದ್ರೆ, ಪೊಲೀಸ್ನೋರು ಹುಡುಕ್ತಾವ್ರೆ ಅನ್ಕೊತಾರೆ ಜನ."

ಹಬ್ಬ ಕಳೆಯಲಿ, ತಿಥಿಯೊಳಗೆ ಕೊಡುತ್ತೇನೆ ಅಂದ ಗೂಳಪ್ಪ. ಯಾವ ಮದುವೆ ಅನ್ನುವುದು ಅವನಿಗೆ ಆಗಲೇ ಹೊಳೆದಿತ್ತು.

ಆಯುಧ ಪೂಜೆಯ ಬೆಳಿಗ್ಗೆ ಬೈರಮ್ಮ ತಟ್ಟೆಯಲ್ಲಿ ಕುಂಕುಮ, ಸೇವಂತಿಗೆ, ಬೂದುಗುಂಬಳ ಇಟ್ಟುಕೊಂಡು ಮೇಲೆ ಬಂದಳು. ಕೆಳಗೆ ಬೈಕು, ಬೋರಿನ ಮೋಟರು, ಈಳಿಗೆ ಎಲ್ಲದರ ಪೂಜೆ ಮುಗಿದಿತ್ತು. ಪ್ರತಿ ವರ್ಷ ಗೂಳಪ್ಪ ಓಡುತ್ತಿರುವ ಪೆಟ್ಟಿಗೆಗೇ ಕುಂಕುಮ ಇಡುತ್ತಿದ್ದ. ಈ ಸಲ ಅತ್ತಿಗೆ ಒಪ್ಪಲಿಲ್ಲ.

"ಎತ್ತಿಗೂ ಇವತ್ತು ನೊಗ ಕಟ್ಟಲ್ಲ ಗೂಳಪ್ಪ. ಪಾಪ, ಹಗಲೂ ರಾತ್ರಿ ದುಡೀತದೆ ಅದು. ಒಂದಿನ ಮಲಗಿಸು."

ಅವಳು ಹೇಳಿದ್ದು ಅವನಿಗೂ ಸರಿ ಅನ್ನಿಸಿತು. ಆರಿಸಿದ. ಧೂಳು ಒರೆಸಿ, ಹೂವು ಮುಡಿಸಿ, ಮಂಗಳಾರತಿ ಎತ್ತಿದ. ಆ ದಿನ ರೂಮು ಎಷ್ಟು ನಿಶ್ಶಬ್ದವಾಗಿತ್ತೆಂದರೆ, ಟ್ಯಾಂಕಿಗೆ ನೀರು ಬೀಳುವುದು ಅವನಿಗೆ ಮೊದಲ ಸಲ ಕೇಳಿಸಿತು.

ಮರುದಿನ ಸ್ವಿಚ್ ಹಾಕಿದರೆ ಮೂರು ಡಿಸ್ಕು ಎದ್ದವು. ನಾಲ್ಕನೆಯದು ಟಿಕ್ ಟಿಕ್ ಅಂದು ಸುಮ್ಮನಾಯಿತು. ವರ್ಷಗಟ್ಟಲೆ ತಿರುಗುತ್ತಲೇ ಇದ್ದದ್ದಕ್ಕೆ, ನಿಂತ ಮೇಲೆ ಮತ್ತೆ ತಿರುಗುವ ಶಕ್ತಿ ಇರಲಿಲ್ಲ. ಗೂಳಪ್ಪ ಮೊದಲು ಹೆದರಲಿಲ್ಲ. ಹೊಸದೊಂದು ತಂದು ಕೂರಿಸಿದರೆ ಉಳಿದ ಮೂರು ಸೇರಿ ಅದನ್ನು ತುಂಬಿಸುತ್ತವೆ. ಆಮೇಲೆ ಹೊಳೆಯಿತು: ಮೂರೂ ಅದರ ಜೊತೆಗೇ ಬಂದವು, ಅಷ್ಟೇ ಓಡಿದವು, ಅಷ್ಟೇ ಮುದಿಯಾದವು. ತುಂಬಿಸುವಾಗ ಇನ್ನೊಂದು ಹೋದರೆ ಎಲ್ಲವೂ ಹೋಗುತ್ತದೆ. ಎಲ್ಲವನ್ನೂ ಇಳಿಸಲು ಬೇರೆ ಜಾಗವಿಲ್ಲ, ಅದಕ್ಕೆ ಮೊದಲು ಏನನ್ನಾದರೂ ಹೊರಗೆ ತೆಗೆದಿಟ್ಟುಕೊಳ್ಳಬೇಕು.

ಏನನ್ನು? ಊರಿನವರಿಗಾದರೆ ಯಾರನ್ನು ಮೊದಲು ಉಳಿಸಿಕೊಳ್ಳಬೇಕು ಅಂತ ಗೊತ್ತಿರುತ್ತದೆ. ಅವ್ವ, ಅಪ್ಪ, ಕಟ್ಟಿಕೊಂಡವಳು. ಗೂಳಪ್ಪ ಮದುವೆಗಳ ಹೆಸರುಗಳನ್ನು ಮೇಲಿನಿಂದ ಕೆಳಗೆ ನೋಡಿದ. ಅವನದು ಅನ್ನುವಂಥದು ಒಂದೂ ಇರಲಿಲ್ಲ. ಕೊನೆಗೆ ಸಿದ್ದರಾಜುವಿನ ಪೆನ್ ಡ್ರೈವ್ ಚುಚ್ಚಿ, ಬೋರಣ್ಣನ ಮೊಮ್ಮಗಳು ಅರ್ಪಿತಳ ಮದುವೆಯ ಬೀಗರ ಊಟದಲ್ಲಿ ಅವನು ನಕ್ಕ ತುಣುಕನ್ನು ಅದಕ್ಕೆ ಹಾಕಿದ. ಹಾಡು ಸೇರಿಸಲು ಹೊತ್ತಿರಲಿಲ್ಲ, ಮಾತು ಹಾಗೇ ಉಳಿಯಿತು. ತನಗೊಂದು ಪ್ರತಿ ಇಟ್ಟುಕೊಳ್ಳಲಿಲ್ಲ. ನಾಳೆ ಎಲ್ಲ ಸರಿಹೋಗುತ್ತದಲ್ಲ ಅಂದುಕೊಂಡ.

ಹೊಸ ಡಿಸ್ಕು ಕೂರಿಸಿ ತುಂಬಿಸಲು ಬಿಟ್ಟ. ಪರದೆಯ ಮೇಲೆ ಅಂಕಿ ನಿಧಾನವಾಗಿ ಏರುತ್ತಿತ್ತು. ಮರುದಿನ ಮಧ್ಯಾಹ್ನದ ಹೊತ್ತಿಗೆ ಅರ್ಧ ದಾಟಿತ್ತು. ಅಷ್ಟರಲ್ಲಿ ಮತ್ತೆ ಅದೇ ಟಿಕ್ ಟಿಕ್, ಹಳೆಯ ಮೂರರಲ್ಲಿ ಒಂದರಿಂದ. ಅಂಕಿ ನಿಂತಿತು. ಡ್ರೈವ್ ಇದ್ದ ಜಾಗ ಖಾಲಿಯಾಯಿತು.

ಜಯನಗರದಲ್ಲಿ ಇಂಥದ್ದನ್ನು ರಿಪೇರಿ ಮಾಡುವವನೊಬ್ಬ ಎರಡು ವಾರ ಇಟ್ಟುಕೊಂಡು, ಆಸೆ ಬಿಟ್ಟುಬಿಡಿ ಸಾರ್ ಅಂತ ವಾಪಸು ಕೊಟ್ಟ. ಗೂಳಪ್ಪ ಬೈರಮ್ಮನಿಗೆ ಹೇಳಲಿಲ್ಲ. ಹಳೆಯದಾಗಿತ್ತು ಅತ್ತಿಗೆ, ತೆಗೆದಿಟ್ಟೆ ಅಂದ, ಅಷ್ಟೇ. ಅವಳು ಮಾಡಿದ್ದು ಪೂಜೆ ತಾನೇ. ಆಮೇಲೂ ಒಬ್ಬಿಬ್ಬರು ಫೋಟೊ ಕೇಳಿಕೊಂಡು ಬಂದರು. ಇಲ್ಲ ಅಂದ. ಸುದ್ದಿ ಹರಡಿತು. ಟಿಫಿನ್ ಕ್ಯಾರಿಯರ್ ಬಿಟ್ಟರೆ ಮೆಟ್ಟಿಲು ಹತ್ತುವುದು ಏನೂ ಉಳಿಯಲಿಲ್ಲ.

ಒಂದು ಸಂಜೆ ಅವನೇ ಇಳಿದು ಹಿಂದಿನ ಬೀದಿಗೆ ಹೋದ. ಯಾರ ಮನೆಗೂ ಕ್ಯಾಮರಾ ಇಲ್ಲದೆ ಹೋಗಿ ಅವನಿಗೆ ಅಭ್ಯಾಸವಿರಲಿಲ್ಲ. ಗೇಟಿನ ಹತ್ತಿರ ಕೈ ಎಲ್ಲಿ ಇಟ್ಟುಕೊಳ್ಳಬೇಕು ಅಂತ ತಿಳಿಯದೆ ನಿಂತ. ಸಿದ್ದರಾಜು ಜಗಲಿಯ ಮೇಲೆ ಕೂತಿದ್ದ. ಅಪ್ಪನ ವಿಡಿಯೊ ಒಂದ್ಸಲ ತೋರಿಸು ಅಂತ ಕೇಳಿದ ಗೂಳಪ್ಪ. ನೀನೇ ಕೊಟ್ಟಿದ್ದಲ್ಲಣ್ಣ ಅಂತ ಅವನಿಗೆ ಆಶ್ಚರ್ಯ. ಆದರೂ ಮೊಬೈಲ್ ತೆಗೆದ.

ಎಲೆ ಮುಂದೆ ಕೂತ ಬೋರಣ್ಣ ತಲೆ ಎತ್ತಿ ನೇರ ಇವನನ್ನೇ ನೋಡಿದ.

"ಲೋ ಗೂಳ, ಎಲ್ರು ಊಟಾನೂ ತೆಗೀತೀಯ. ನಿಂದು ಆಯ್ತೇನ್ಲಾ?"

"ಆಮೇಲೆ ಮಾಡ್ತೀನಿ ಬೋರಣ್ಣ. ಮೊದ್ಲು ನೀನು ಆ ಮೂಳೆ ಬಿಡು, ಪಕ್ಕದೋರು ಕಾಯ್ತಾವ್ರೆ." ಕ್ಯಾಮರಾ ಹಿಂದಿನಿಂದ ಗೂಳಪ್ಪನದೇ ದನಿ.

ಬೋರಣ್ಣ ಬಾಯಿ ತುಂಬ ನಕ್ಕ. ಊರ ಮುಂದೆ ಫ್ಲೆಕ್ಸಿನಲ್ಲಿ ಎಲ್ಲರೂ ನೋಡಿದ್ದು ಆ ನಗುವನ್ನೇ. ತುಣುಕು ಅಲ್ಲಿಗೆ ಮುಗಿಯಿತು.

ಸಿದ್ದರಾಜು ಕಣ್ಣೊರೆಸಿಕೊಂಡ. ಏನೋ ಕೇಳಬೇಕಲ್ಲ ಅಂತ ಕೇಳಿದ:

"ಅವತ್ತು ಆಮೇಲೆ ಊಟ ಮಾಡಿದ್ಯಾ ಅಣ್ಣ?"

ಗೂಳಪ್ಪ ನೆನಪು ಮಾಡಿಕೊಂಡ. ಎಷ್ಟು ಎಳೆದರೂ ಬರಲಿಲ್ಲ. ಕ್ಯಾಮರಾ ಆರಿಸಿದ ಮೇಲಿನ ಯಾವ ಹೊತ್ತೂ ಅವನ ಹತ್ತಿರ ಇರಲಿಲ್ಲ.

"ಗೊತ್ತಿಲ್ಲ ಕಣಪ್ಪ," ಅಂದ. "ಇನ್ನೊಂದ್ಸಲ ಹಾಕು."