ವೆಲ್ಡಿಂಗ್ ನಡೆಯುವಾಗಲೇ ನೋಡೋಣ

ಎಂಬತ್ತರ ದಶಕದ ನಡುವಿನ ಮಾತು. ಪೀಣ್ಯದ ಒಂದು ಗೇರ್ ಕಾರ್ಖಾನೆಯಲ್ಲಿ ನಾನು ಮೀಟರ್ ರಿಪೇರಿ ವಿಭಾಗದಲ್ಲಿದ್ದೆ. ಡಿಪ್ಲೊಮಾ ಮುಗಿಸಿ ಸೇರಿ ಮೂರು ವರ್ಷವಾಗಿತ್ತು. ಆ ವಿಭಾಗದಲ್ಲಿ ಹೆಂಗಸು ಅಂತ ಇದ್ದವಳು ನಾನೊಬ್ಬಳೇ. ಕೆಟ್ಟ ಮೀಟರ್ ತಂದು ನನ್ನ ಮೇಜಿನ ಮೇಲಿಡುತ್ತಿದ್ದರು, ಸರಿಮಾಡಿ ಕೊಡುತ್ತಿದ್ದೆ. ಯಾವುದನ್ನು ಕೊಳ್ಳಬೇಕು ಅಂತ ಮಾತ್ರ ಯಾರೂ ಕೇಳುತ್ತಿರಲಿಲ್ಲ.

ಗೇರುಗಳನ್ನು ಕಾಯಿಸಿ ಗಟ್ಟಿ ಮಾಡುವ ಆರು ಫರ್ನೇಸುಗಳು ಆವರಣದ ಆ ತುದಿಯಲ್ಲಿದ್ದವು, ಕಂಟ್ರೋಲ್ ರೂಮ್ ಈ ತುದಿಯಲ್ಲಿ. ಗಂಟೆಗೊಮ್ಮೆ ಒಬ್ಬರು ಸೈಕಲ್ ತುಳಿದು ಹೋಗಿ ಶಾಖ ಎಷ್ಟಿದೆ ಅಂತ ಬರೆದು ತರುತ್ತಿದ್ದರು. ಅಲ್ಲಿ ಆಪರೇಟರ್ ಒಬ್ಬರೇ. ಒಂದಕ್ಕೆ ಗೇರ್ ತುಂಬುವಾಗ ಇನ್ನೊಂದರ ಮೀಟರ್ ಅವರ ಬೆನ್ನ ಹಿಂದಿರುತ್ತಿತ್ತು. ಹೀಗೇ ಒಮ್ಮೆ ಶಾಖ ಏರಿ, ಒಂದು ಲೋಡ್ ಪೂರ್ತಿ ಬಿರುಕುಬಿಟ್ಟು ಗುಜರಿಗೆ ಹೋಯಿತು. ಆಗ ನಮ್ಮ ಚೀಫ್ ಎಂಜಿನಿಯರ್, ಶಾಖದ ಲೆಕ್ಕವನ್ನು ತಂತಿಯ ಮೇಲೆ ತಾನಾಗಿಯೇ ಕಳಿಸುವ ಮೋಡೆಮ್ ತರಿಸಲು ತೀರ್ಮಾನಿಸಿದರು.

ಪರೀಕ್ಷೆಗೆ ಎರಡು ಬಂದವು. ಒಂದು ವಿದೇಶದ್ದು, ಹೊಳೆಯುವ ಪೆಟ್ಟಿಗೆ. ಇನ್ನೊಂದು ನಮ್ಮ ಹಿಂದಿನ ರಸ್ತೆಯ ಸಣ್ಣ ಶೆಡ್ಡಿನಲ್ಲೇ ತಯಾರಾದದ್ದು. ಭಾನುವಾರ ಟೈ ಕಟ್ಟಿಕೊಂಡು ಬಂದ ವಿದೇಶಿ ಕಂಪನಿಯ ಪ್ರತಿನಿಧಿ, ಕಾರ್ಖಾನೆಯಲ್ಲಿ ಇದ್ದ ಹಳೆಯ ಇಂಟರ್‌ಕಾಮ್ ಕೇಬಲ್ಲಿನ ಖಾಲಿ ಜೋಡಿ ತಂತಿಗೇ ತಮ್ಮ ಪೆಟ್ಟಿಗೆ ಜೋಡಿಸಿದರು. ಅಂಕಿಗಳು ಸರಸರನೆ ಪರದೆ ತುಂಬಿದವು. ನಮ್ಮೂರಿನದು ಅದರ ಕಾಲು ಭಾಗದಷ್ಟು ವೇಗದಲ್ಲಿ ಒಂದೊಂದೇ ಅಂಕಿ ತೋರಿಸಿತು. ಚೀಫ್ ನಕ್ಕುಬಿಟ್ಟರು. "ಇನ್ನೇನ್ ನೋಡೋದಿದೆ? ಫಾರಿನ್‌ದೇ ಫೈನಲ್."

ಸೋಮವಾರ ಬೆಳಿಗ್ಗೆ ತಂತಿ ಬಿಚ್ಚಲು ಫರ್ನೇಸ್ ಶೆಡ್ಡಿಗೆ ಹೋದೆ. ಅಲ್ಲಿನ ಆಪರೇಟರ್ ಪಕ್ಕದ ಲಗ್ಗೆರೆ ಹಳ್ಳಿಯವರು, ರಾಗಿ ಬೆಳೆಯುತ್ತಿದ್ದ ಮನೆತನದ ಹಿರಿಯರು. ನಾನು ಇಂಟರ್‌ಕಾಮ್ ಎತ್ತಿಕೊಂಡದ್ದನ್ನು ನೋಡಿ ಹೇಳಿದರು:

"ಈಗ್ ಮಾತಾಡ್ಬೇಡಿ ಮೇಡಮ್ಮ, ಏನೂ ಕೇಳ್ಸಾಕಿಲ್ಲ. ಪಕ್ಕದ್ ಶೆಡ್ಡಲ್ಲಿ ವೆಲ್ಡಿಂಗ್ ಸುರು ಆದ್ರೆ ಇದು ಗೊರಗೊರ ಅಂತದೆ. ಇವತ್ತಲ್ಲ, ಯಾವಾಗ್ಲೂ ಇಂಗೇಯ."

ಕಿವಿಗಿಟ್ಟುಕೊಂಡೆ. ಗೊರಗೊರ ಅನ್ನುತ್ತಲೇ ಇತ್ತು. ಮೋಡೆಮ್ ಪರೀಕ್ಷಿಸಿದ್ದು ಇದೇ ಕೇಬಲ್ಲಿನಲ್ಲಿ, ಭಾನುವಾರ. ಅವತ್ತು ವೆಲ್ಡಿಂಗ್‌ಗೆ ರಜೆ! ತಂತಿ ಬಿಚ್ಚುವುದನ್ನು ಅಲ್ಲಿಗೇ ಬಿಟ್ಟು ಚೀಫ್ ಕೋಣೆಗೆ ಹೆಚ್ಚುಕಡಿಮೆ ಓಡಿಯೇ ಹೋದೆ.

"ಸಾರ್, ಆರ್ಡರ್ ಕಳಿಸ್ಬೇಡಿ. ವೆಲ್ಡಿಂಗ್ ನಡೆಯುವಾಗ್ಲೇ ಎರಡನ್ನೂ ಇನ್ನೊಂದ್ಸಲ ನೋಡೋಣ."

"ಅಷ್ಟು ದೊಡ್ಡ ಕಂಪನಿಯವರಿಗೆ ಗೊತ್ತಿರಲ್ವೇನಮ್ಮಾ?"

"ಅವರಿಗೆ ಮೋಡೆಮ್ ಗೊತ್ತು ಸಾರ್. ನಮ್ಮ ತಂತಿ ಗೊತ್ತಿಲ್ಲ."

ನನ್ನ ಬಾಯಿಂದ ಅಂಥ ಮಾತು ಬಂದದ್ದಕ್ಕೆ ನನಗೇ ಗಾಬರಿಯಾಯಿತು. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಆಮೇಲೆ, "ಬುಧವಾರ ಇಟ್ಕೊಳ್ಳಿ. ನಾನೂ ಬರ್ತೀನಿ" ಅಂದರು.

ಬುಧವಾರ ವೆಲ್ಡಿಂಗ್ ಜೋರಾಗಿತ್ತು. ಮೊದಲು ವಿದೇಶಿ ಪೆಟ್ಟಿಗೆ. ಎಂಟುನೂರು ಡಿಗ್ರಿಯ ಆಸುಪಾಸಿನಲ್ಲಿರಬೇಕಾದ ಶಾಖ ಒಮ್ಮೆ ಎಂಬತ್ತು, ಮರುಕ್ಷಣ ಮೂರು ಸಾವಿರ. ನಡುನಡುವೆ ಪ್ರಶ್ನೆಚಿಹ್ನೆಗಳ ಸಾಲು. ಪ್ರತಿನಿಧಿ ವೇಗ ತಗ್ಗಿಸಿ ನೋಡಿದರು. ಸ್ವಲ್ಪ ಸುಧಾರಿಸಿತು, ಆದರೆ ತಪ್ಪು ಅಂಕಿಯನ್ನೂ ಸರಿಯಾದದ್ದರಂತೆಯೇ ತೋರಿಸುತ್ತಿತ್ತು. ನಂತರ ನಮ್ಮೂರಿನ ನಿಧಾನಿ. ಅಂಕಿ ಕೆಟ್ಟು ಬಂದರೆ ಅದು ಪರದೆಗೆ ಬಿಡದೆ, ಮತ್ತೆ ಕಳಿಸು ಅಂತ ಆಚೆಯ ಪೆಟ್ಟಿಗೆಯನ್ನೇ ಕೇಳುತ್ತಿತ್ತು. ಪರದೆಯ ಮೇಲೆ ಎಂಟುನೂರ ನಲವತ್ತೆರಡು ಬಂತು. ಚೀಫ್ ಇಂಟರ್‌ಕಾಮ್ ಎತ್ತಿ ಆಪರೇಟರನ್ನು ಕೇಳಿದರು. ಗೊರಗೊರದ ನಡುವೆ ಹಿರಿಯರು ಕಿರುಚಿದ್ದು ನನಗೂ ಕೇಳಿಸಿತು:

"ಎಂಟ್ನೂರ್ ನಲ್ವತ್ತೆರಡು ಸಾಮಿ!"

ಇಪ್ಪತ್ತು ಸಲ ಕೇಳಿದೆವು, ಇಪ್ಪತ್ತು ಸಲವೂ ಸರಿ. ಪ್ರತಿನಿಧಿಯೇ ಬಂದು ನನ್ನ ಕೈಕುಲುಕಿದರು. "ಒಪ್ಕೊಂಡೆ ಮೇಡಂ, ನಿಮ್ಮ ಜಾಗಕ್ಕೆ ಇದೇ ಸರಿ."

ಅದನ್ನು ಕೂಡಿಸಿದ ಎರಡನೇ ವಾರವೇ ನಾಲ್ಕನೇ ಫರ್ನೇಸಿನ ಅಂಕಿ ಏರುತ್ತಿರುವುದು ಕಂಟ್ರೋಲ್ ರೂಮಿನಲ್ಲಿದ್ದ ನನ್ನ ಕಣ್ಣಿಗೆ ಬಿತ್ತು. ಇಂಟರ್‌ಕಾಮ್ ಎತ್ತಿ, "ಯಜಮಾನ್ರೇ, ನಾಲ್ಕು ಆಫ್ ಮಾಡಿ, ನಾಲ್ಕು!" ಅಂತ ಕೂಗಿದೆ. ಪರದೆಯ ಅಂಕಿ ಇನ್ನೂ ಏರಿತು, ನಿಂತಿತು, ಇಳಿಯತೊಡಗಿತು. ಕುಳಿತಲ್ಲೇ ಚಪ್ಪಾಳೆ ತಟ್ಟಿದೆ. ಸಂಜೆ ಆ ಲೋಡ್ ಹೊರತೆಗೆದಾಗ ಒಂದು ಗೇರೂ ಬಿರುಕುಬಿಟ್ಟಿರಲಿಲ್ಲ. ಹಿರಿಯರು ಬಟ್ಟೆಯಲ್ಲಿ ಒರೆಸಿದ ಗೇರೊಂದನ್ನು ಹಿಡಿದು ಕಂಟ್ರೋಲ್ ರೂಮಿಗೇ ಬಂದರು.

"ನೋಡಿ ಮೇಡಮ್ಮ, ಎಂಗ್ ಒಳೀತದೆ! ಬುಡದಲ್ಲೇ ನಿಂತಿದ್ದ ನನಗಿಂತ ಮುಂಚೆ ಇಲ್ಲಿಂದ ನೀವ್ ನೋಡ್ಬುಟ್ರಲ್ಲ!"

ಆ ಗೇರು ಇನ್ನೂ ಬೆಚ್ಚಗಿತ್ತು. ಎರಡೂ ಕೈಯಲ್ಲಿ ಹಿಡಿದುಕೊಂಡು ಎಷ್ಟೋ ಹೊತ್ತು ನಗುತ್ತಾ ನಿಂತಿದ್ದೆ.

ಮುಂದಿನ ತಿಂಗಳು ಕಂಪ್ರೆಸರ್ ಮನೆಗೂ ಮೋಡೆಮ್ ಬೇಕಾಯಿತು. ಚೀಫ್ ತಮ್ಮ ಕೋಣೆಗೆ ಕರೆಸಿ, ಕುರ್ಚಿ ತೋರಿಸಿ, ಬಂದ ಕ್ಯಾಟಲಾಗುಗಳನ್ನೆಲ್ಲ ನನ್ನ ಮುಂದೆ ಸರಿಸಿದರು.

"ಯಾವುದು ಅಂತ ನೀವೇ ಹೇಳಿ. ನಾನು ಸೈನ್ ಹಾಕ್ತೀನಿ."