ಉಗ್ರಾಣದ ಸುಣ್ಣ

ಪೋಲೆಂಡಿನ ಆ ಹಳ್ಳಿಯಂಚಿನ ಯುದ್ಧಕಾಲದ ಶಿಬಿರ ಸ್ಮಾರಕವಾದ ಮೇಲೆ, ಬೋಗುಮಿವಾ ಅಲ್ಲಿಯ ಕಾವಲಿಗೆ ಸೇರಿ ಇಪ್ಪತ್ತೆರಡು ವರ್ಷಗಳಾಗಿದ್ದವು. ಕೈದಿಗಳ ಏಳನೆಯ ಬ್ಯಾರಕ್ ಇದ್ದಲ್ಲಿ ಈಗ ಅಡಿಪಾಯದ ಇಟ್ಟಿಗೆಗಳು ಮಾತ್ರ. ಅದೇನಾಯಿತೆಂದು ಯಾರಾದರೂ ಕೇಳಿದರೆ, "ಸುಟ್ಟುಹೋಯಿತು" ಎನ್ನುವುದು ಅವಳಿಗೆ ಬಾಯಿಪಾಠ.

ಸುಟ್ಟಿರಲಿಲ್ಲ. ಯುದ್ಧ ಮುಗಿದ ಚಳಿಗಾಲದಲ್ಲಿ, ಮನೆ ಕಳೆದುಕೊಂಡ ಹಳ್ಳಿಯವರು ಅದರ ಹಲಗೆಗಳನ್ನು ಬಂಡಿಗೆ ಹೇರಿಕೊಂಡು ಹೋಗಿದ್ದರು. ಅವಳ ಮನೆಯ ಉಗ್ರಾಣದ ಗೋಡೆಯೂ ಆ ಹಲಗೆಗಳದ್ದೇ. ಪ್ರತಿ ವರ್ಷ ಈಸ್ಟರ್‌ಗೆ ಮೊದಲು ಆ ಬೀದಿಯವರೆಲ್ಲ ಒಳಗೋಡೆಗೆ ತಪ್ಪದೆ ಸುಣ್ಣ ಬಳಿಯುತ್ತಿದ್ದರು. ಹೊರಗೋಡೆ ಹೇಗಿದ್ದರೂ ನಡೆಯುತ್ತಿತ್ತು.

ಆ ವಸಂತದಲ್ಲಿ ಶಿಮೊನ್ ಎಂಬ ಮುದುಕರು ಮೂರನೆಯ ಸಲ ಬಂದರು.

"ಇನ್ನೂ ಇಲ್ಲೇ ಇದ್ದೀರಲ್ಲ, ಪಾನಿ ಬೋಗುಮಿವಾ! ನಿಮ್ಮನ್ನೂ ಗಾಜಿನ ಪೆಟ್ಟಿಗೇಲಿ ಇಡೋದೊಂದು ಬಾಕಿ," ಎಂದು ನಕ್ಕರು. ನಗು ಕೆಮ್ಮಾಯಿತು. "ಏಳನೇದರ ಬಾಗಿಲ ಪಕ್ಕ ನಮ್ಮಪ್ಪ ನನ್ನ ಹೆಸರು ಕೆತ್ತಿದ್ರಂತೆ, ಕೆಳಗೊಂದು ಪುಟ್ಟ ಕುದುರೆ. ಬದುಕಿ ಬಂದವರೊಬ್ಬರು ಹೇಳಿದ್ರು. ಅವರ ಕೈಯಿಂದಾಗಿದ್ದು ಬೇರೇನೂ ಉಳಿದಿಲ್ಲ ನೋಡಿ. ನಾಳೆ ಹೊರಡ್ತೀನಿ. ಇನ್ನು ಬರೋಕಾಗಲ್ಲ."

"ಸುಟ್ಟುಹೋಯಿತು, ಪಾನ್ ಶಿಮೊನ್."

ಆ ಕುದುರೆ ಅವಳಿಗೆ ಗೊತ್ತಿತ್ತು. ಐದು ವರ್ಷದವಳಿದ್ದಾಗ, ಉಗ್ರಾಣದ ಗೋಡೆಯಲ್ಲಿ ಸುಣ್ಣ ಉದುರಿದ್ದ ಕಡೆ, ಅದರ ಬೆನ್ನ ಮೇಲೆ ಬೆರಳಾಡಿಸುತ್ತಿದ್ದಳು. ಒಂದು ದಿನ ತಾಯಿ ನೋಡಿ, ಕೈಗೊಂದು ಬಾರಿಸಿ, ಆಗಲೇ ಸುಣ್ಣ ಬಳಿದಿದ್ದಳು.

ಸಂಜೆ ಮನೆಗೆ ಬಂದಾಗ, ಸೊಂಟ ಮುರಿದು ಮಲಗಿದ್ದ ತಾಯಿ ಗೆನೊವೆಫಾ ಒಳಗಿನಿಂದಲೇ ಕೂಗಿದಳು: "ಸುಣ್ಣ ಕಲಸಿಸಿಟ್ಟಿದ್ದೀನಿ. ಈ ಸಲ ನೀನೇ ಬಳಿ. ಮೂಲೇಲಿ ಹಳೇ ಸುಣ್ಣ ಏಳ್ತಾ ಇದೆ."

ಬೋಗುಮಿವಾ ಉಗ್ರಾಣದ ಹುಳಿಹಿಟ್ಟಿನ ಜಾಡಿಗಳನ್ನು ಸರಿಸಿದಳು. ಕುಂಚವನ್ನು ನೋಡಿದಳು. ಆಮೇಲೆ ಚಾಕುವನ್ನೆತ್ತಿಕೊಂಡಳು.

"ಏನೇ ಅದು ಸದ್ದು? ಕುಂಚದ್ದಲ್ಲ."

"ಕೆರೀತಿದ್ದೀನಮ್ಮ."

ಒಳಗೆ ತಾಯಿಯ ಮಂಚ ಕಿರುಗುಟ್ಟಿತು. "ನಮ್ಮ ಗೋಡೆ ಬಾಯಿಬಿಟ್ಟರೆ ಬೀದಿಯೆಲ್ಲ ಬಾಯಿಬಿಡುತ್ತೆ ಕಣೆ. ನೆರೆಯವರು ನಮ್ಮನ್ನ ಇಲ್ಲಿ ಬಾಳಗೊಡ್ತಾರಾ?"

ವರ್ಷಗಳ ಪದರಗಳು ಹಕ್ಕಳೆಯಾಗಿ ಉದುರಿದವು. ಮೊದಲು ಕುದುರೆಯ ಕಿವಿ ಕಂಡಿತು, ಆಮೇಲೆ ಹೆಸರು. ಪಕ್ಕದಲ್ಲಿ ಅವಳೆಂದೂ ಕಾಣದ ಸಣ್ಣ ಗೀರುಗಳು, ದಿನಕ್ಕೊಂದರಂತೆ ಎಳೆದವು. ಹದಿನಾರಕ್ಕೆ ನಿಂತಿದ್ದವು.

ಶಿಮೊನ್ ಇಳಿದುಕೊಂಡಿದ್ದ ಕೋಣೆಯತ್ತ ಅವಳು ಹೊರಟಾಗ ಇನ್ನೂ ಬೆಳಕಿತ್ತು. ಸುಣ್ಣ ಬಳಿದವರ ಮೈಗೆ ಹಸಿ ಹನಿ ಅಂಟಿರುತ್ತದೆ. ಅವಳ ತಲೆಗೂದಲಲ್ಲಿದ್ದದ್ದು ಕೆರೆದ ಒಣಪುಡಿ. ಬೇಲಿಯ ಬಳಿ ಮಾತಾಡುತ್ತಿದ್ದವರು ಅದನ್ನು ಕಂಡು ಒಳಗೆ ಸರಿದರು. ಹಿಂದೆ ಒಂದೊಂದೇ ಬಾಗಿಲು ಮುಚ್ಚಿಕೊಳ್ಳುವುದು ಕೇಳಿಸುತ್ತಿತ್ತು.