ಹೊಳಲ್ಕೆರೆಗೆ ಗೊತ್ತಿದ್ದ ಕೈ

ಮಾರಿಕಣಿವೆಯಲ್ಲಿ ಕಟ್ಟೆ ಏಳುತ್ತಿದ್ದ ಕಾಲದಲ್ಲಿ, ಅಲ್ಲಿ ಬೆವರದೆ ಅನ್ನ ತಿನ್ನುತ್ತಿದ್ದವನು ತಾನೊಬ್ಬನೇ ಎಂದು ತಿಪ್ಪೇರುದ್ರಪ್ಪ ತನ್ನನ್ನು ತಾನೇ ಆಡಿಕೊಳ್ಳುತ್ತಿದ್ದ. ಸುತ್ತ ಸಾವಿರಾರು ಜನ ಗುಡ್ಡ ಒಡೆದು, ಕಲ್ಲು ಹೊತ್ತು, ಸುಣ್ಣ ಅರೆಯುತ್ತಿದ್ದರು. ಅವನು ಮಾತ್ರ ತಗಡಿನ ಮಾಡಿನ ಕೋಣೆಯೊಂದರಲ್ಲಿ ಕುಳಿತು ತಂತಿ ಕಳಿಸುವ ಹಿತ್ತಾಳೆಯ ಕೀಯನ್ನು ಅಕ್ಕಿಕಾಳಿನಷ್ಟು ಕೆಳಕ್ಕೆ ಒತ್ತುತ್ತಿದ್ದ, ಬಿಡುತ್ತಿದ್ದ. ದೇವರು ಕೊಟ್ಟ ಇಡೀ ಮೈಯಲ್ಲಿ ಸರ್ಕಾರಕ್ಕೆ ಬೇಕಾದದ್ದು ಬಲಗೈ ಮಣಿಕಟ್ಟೊಂದೇ. ಉಳಿದದ್ದು ಆ ಮಣಿಕಟ್ಟನ್ನು ದಿನಾ ಕಚೇರಿಗೆ ಹೊತ್ತು ತರುವ ಕತ್ತೆ.

ಹೊಸದುರ್ಗದಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ ಅವನಪ್ಪನಿಗೂ ಹೆಚ್ಚುಕಡಿಮೆ ಇದೇ ಅಭಿಪ್ರಾಯ. "ಮೂಟೆ ಎತ್ತಾಕೆ ಬಾರದೋನು ಬೆರಳು ಎತ್ತಾಕೆ ಹೋಗ್ಯಾನೆ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಮಗ ಎದುರಾಡುತ್ತಿರಲಿಲ್ಲ. ಅಂಗಡಿಯಲ್ಲಿ ಕುಳಿತ ಎರಡು ವರ್ಷದಲ್ಲಿ ತಕ್ಕಡಿ ಹಿಡಿಯುವುದೂ ಅವನಿಗೆ ಬಂದಿರಲಿಲ್ಲ, ಗಿರಾಕಿಯ ಜೊತೆ ಜಗ್ಗಾಡುವುದೂ ಬಂದಿರಲಿಲ್ಲ. ಬೆಂಗಳೂರಿಗೆ ಹೋಗಿ ತಂತಿ ಕೆಲಸ ಕಲಿತ ಆರು ತಿಂಗಳಲ್ಲೇ ತಾನೂ ಒಂದು ಕೆಲಸಕ್ಕೆ ಹುಟ್ಟಿದವನೆಂದು ಮೊದಲ ಸಲ ಗೊತ್ತಾದದ್ದು. ಆಗ ಅವನಿಗೆ ಇಪ್ಪತ್ತೆರಡು. ಈಗ ಇಪ್ಪತ್ತಾರು.

ತಂತಿ ಒಂದೇ. ಕಟ್ಟೆಯಿಂದ ಹೊರಟು ಹಿರಿಯೂರು, ದುರ್ಗ ಹಾದು ಹೊಳಲ್ಕೆರೆ ಮುಟ್ಟುತ್ತಿತ್ತು. ಯಾರು ಎಲ್ಲಿ ಕೀ ಬಡಿದರೂ ನಾಲ್ಕೂ ಕಡೆಯ ಮೇಜಿನ ಮೇಲೆ ಸೌಂಡರು ಎಂಬ ಪುಟ್ಟ ಯಂತ್ರ ಟಕಟಕ ಎನ್ನುತ್ತಿತ್ತು. ಗಿಡ್ಡ ಬಡಿತ, ಉದ್ದ ಬಡಿತ. ಅಷ್ಟರಲ್ಲೇ ಇಂಗ್ಲಿಷಿನ ಅಕ್ಷರಗಳೆಲ್ಲ ಅಡಗಿದ್ದವು. ಸುಣ್ಣ ಬರಲಿಲ್ಲ, ಸಿಡಿಮದ್ದು ಕಳಿಸಿ, ದೊಡ್ಡ ಇಂಜಿನಿಯರು ನಾಳೆ ಬರುತ್ತಾರೆ ಎಂಬ ಸರ್ಕಾರದ ಮಾತು ಇಂಗ್ಲಿಷಿನಲ್ಲಿ ಹೋಗುತ್ತಿತ್ತು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ತಂತಿ ಸುಮ್ಮನಾದಾಗ ಅವೇ ಅಕ್ಷರಗಳಲ್ಲಿ ಕನ್ನಡ ಹರಿಯುತ್ತಿತ್ತು. ನಿಯಮದ ಪುಸ್ತಕಕ್ಕೆ ಅದು ಸೇರುತ್ತಿರಲಿಲ್ಲ. ಆದರೆ ನಿಯಮದ ಪುಸ್ತಕಕ್ಕೆ ಕಿವಿಯಿಲ್ಲ.

"ಉಂಡ್ಯಾ?" ಎಂದು ಮೊದಲು ಕೇಳುತ್ತಿದ್ದವನು ಹೊಳಲ್ಕೆರೆಯ ಜಂಪಣ್ಣ.

ನಾಲ್ಕು ವರ್ಷದಲ್ಲಿ ತಿಪ್ಪೇರುದ್ರಪ್ಪ ಅವನ ಮುಖ ಕಂಡಿರಲಿಲ್ಲ. ಅವನ ಹೆಂಡತಿಯ ತವರು ಹೊರಕೆರೆದೇವಪುರವೆಂದು ಗೊತ್ತಿತ್ತು, ಅವನ ಬಲಗಡೆಯ ದವಡೆಹಲ್ಲು ಹುಳುಕೆಂದು ಗೊತ್ತಿತ್ತು, ಬದನೆಕಾಯಿ ಕಂಡರಾಗದೆಂದೂ ಗೊತ್ತಿತ್ತು. ಕುಳ್ಳನೋ ಉದ್ದನೋ ಗೊತ್ತಿರಲಿಲ್ಲ. ಕೈ ಮಾತ್ರ ಗೊತ್ತಿತ್ತು. ಜಂಪಣ್ಣ ಉದ್ದ ಬಡಿತವನ್ನು ಹಬ್ಬದ ಹೋಳಿಗೆಯಂತೆ ಎಳೆದು, ಗಿಡ್ಡ ಬಡಿತಗಳನ್ನು ಕಡಲೆಯಂತೆ ಚೆಲ್ಲುತ್ತಿದ್ದ. ತಂತಿಯವರಿಗೆ ಇದೇ ಚಹರೆ. ಬಾಗಿಲ ಹೊರಗಿನ ಕೆಮ್ಮು ಕೇಳಿ ಬಂದವರು ಯಾರೆಂದು ಮನೆಯವರು ಹೇಳುವಂತೆ, ಮೂರು ಅಕ್ಷರ ಕೇಳಿ ಇಂಥವನ ಕೈಯೆಂದು ಇವರು ಹೇಳುತ್ತಿದ್ದರು.

ಅದನ್ನೇ ಇಬ್ಬರೂ ಆಟ ಮಾಡಿಕೊಂಡಿದ್ದರು. ತಿಪ್ಪೇರುದ್ರಪ್ಪ ಇನ್ಯಾರದೋ ಕೈಯನ್ನು ಅಣಕಿಸಿ ಬಡಿಯುತ್ತಿದ್ದ. ಅವಸರದವನ ಕೈ, ತೂಕಡಿಸುವವನ ಕೈ, ಮೇಲಧಿಕಾರಿ ಪಕ್ಕದಲ್ಲಿ ನಿಂತಾಗಿನ ಕೈ. ಅದು ಯಾರ ಕೈಯೆಂದು ಜಂಪಣ್ಣ ಹೇಳಬೇಕು. ಹೇಳಿಬಿಟ್ಟು, "ಲೇ ತಿಪ್ಪ, ನೀನು ಹುಲಿ ಚರ್ಮ ಹೊದ್ದರೂ ನಿನ್ನ ಬಾಲ ನಂಗೆ ಕಾಣ್ತೈತೆ" ಎಂದು ಬಡಿಯುತ್ತಿದ್ದ. ತಿಪ್ಪೇರುದ್ರಪ್ಪ ಒಬ್ಬನೇ ಕೂತು ಗಹಗಹಿಸಿ ನಗುತ್ತಿದ್ದ. ಹೊರಗೆ ಜಗಲಿಯ ಮೇಲೆ ಕೂತ ಮುದಿ ಜವಾನ ಚಿಕ್ಕತಿಮ್ಮಪ್ಪ, ತಂತಿ ಬಂದರೆ ಗುಡ್ಡ ಹತ್ತಿ ಹಂಚುವವನು, "ಯಜಮಾನ್ರಿಗೆ ಗಾಳಿ ಸೋಕೈತೆ" ಎಂದು ದಾರಿಹೋಕರಿಗೆ ಹೇಳುತ್ತಿದ್ದ.

ಆ ವರ್ಷದ ಶ್ರಾವಣದಲ್ಲಿ ಕೈ ಕೆಟ್ಟಿತು.

ಮೊದಲು ಒಂದು ಗಿಡ್ಡ ಬಡಿತ ಹೆಚ್ಚಾಯಿತು. ನಾಲ್ಕು ಬಡಿಯಬೇಕಾದಲ್ಲಿ ಐದು. ಆಮೇಲೆ ಕೀಯ ಮೇಲಿಟ್ಟ ಬೆರಳುಗಳು ಮೇಲೇಳದೆ ಹಲ್ಲಿಯಂತೆ ಅಂಟಿಕೊಳ್ಳತೊಡಗಿದವು. ಮಣಿಕಟ್ಟು ಸೆಟೆದು ಮೊಣಕೈತನಕ ಉರಿ. ವಿಚಿತ್ರವೆಂದರೆ ಅದೇ ಕೈ ತುತ್ತು ಎತ್ತುತ್ತಿತ್ತು, ಲೇಖನಿ ಹಿಡಿಯುತ್ತಿತ್ತು, ಬಾವಿಯಿಂದ ನೀರು ಸೇದುತ್ತಿತ್ತು. ಕೀ ಮುಟ್ಟಿದರೆ ಮಾತ್ರ ಮೊಂಡು ಎತ್ತಿನಂತೆ ನಿಂತುಬಿಡುತ್ತಿತ್ತು. ನೋಡಿದವರಿಗೆ ಸೋಮಾರಿಯ ನೆಪ. ಜವನಗೊಂಡನಹಳ್ಳಿಯ ನಾಟಿ ವೈದ್ಯನೂ ಕೈಯನ್ನು ತಿರುಗಿಸಿ ಮುರುಗಿಸಿ ನೋಡಿ, "ಏನೂ ಆಗಿಲ್ಲ ಬಿಡ್ರಿ. ಎರಡು ದಿನ ಗುದ್ದಲಿ ಹಿಡೀರಿ, ಸರಿ ಹೋಗ್ತೈತೆ" ಎಂದ.

ಸರಿ ಹೋಗಲಿಲ್ಲ. ಅಗತ್ಯದ ತಂತಿಗಳನ್ನು ಹಲ್ಲು ಕಚ್ಚಿ ಕಳಿಸಿ, ತಪ್ಪಾದಾಗಲೆಲ್ಲ ಮಳೆಗೆ ತಂತಿ ತೊಯ್ದಿದೆ ಎಂದು ಮಳೆಯ ಮೇಲೆ ಹಾಕಿದ. ಮಧ್ಯಾಹ್ನದ ಮಾತು ನಿಲ್ಲಿಸಿದ. "ಉಂಡ್ಯಾ?" ಎಂದು ಹೊಳಲ್ಕೆರೆ ಕೇಳಿದರೆ "ಕೆಲಸ ಐತೆ" ಎಂದು ತುಂಡು ಉತ್ತರ. ಕೆಲವು ದಿನ ಅದೂ ಇಲ್ಲ.

ಭಾದ್ರಪದದ ಕೊನೆಗೆ ತಂತಿ ಕಚೇರಿಗಳ ಇನ್‌ಸ್ಪೆಕ್ಟರು ಬರುವುದು ಗೊತ್ತಾಗಿತ್ತು. ಬಂದರೆ ಗಡಿಯಾರ ಮೇಜಿನ ಮೇಲಿಟ್ಟು ಕೈಯ ವೇಗ ನೋಡುತ್ತಾರೆ. ನಿಮಿಷಕ್ಕೆ ಇಷ್ಟು ಮಾತೆಂದರೆ ಇಷ್ಟು. ಕೈ ಸೋತವನಿಗೆ ತಂತಿ ಇಲಾಖೆಯಲ್ಲಿ ಬೇರೆ ಕುರ್ಚಿಯಿಲ್ಲ. ಮುಂದೆ ಹೊಸದುರ್ಗದ ಕೊಬ್ಬರಿ ಅಂಗಡಿ, ಅಪ್ಪನ ಮಾತು. ಅದನ್ನಾದರೂ ತಡೆದುಕೊಂಡಾನು. ಆದರೆ ತಾನು ಬಲ್ಲ ಒಂದೇ ಒಂದು ವಿದ್ಯೆ, ತಾನು ಮನುಷ್ಯನಂತೆ ಬದುಕುವ ಒಂದೇ ಒಂದು ಜಾಗ, ಆ ಕೀ ಮುಂದಿನ ಸ್ಟೂಲು. ಅದು ಹೋದರೆ ತನ್ನಲ್ಲಿ ಏನು ಉಳಿಯುತ್ತದೆಂದು ಎಷ್ಟು ಹುಡುಕಿದರೂ ಅವನಿಗೆ ಏನೂ ಸಿಗಲಿಲ್ಲ.

"ಎಡಗೈ ಐತಲ್ರಿ" ಎಂದಳು ಹೆಂಡತಿ ಪಾರ್ವತಮ್ಮ, ರೊಟ್ಟಿ ತಟ್ಟುತ್ತ. "ಒಂದು ಎತ್ತು ಮಲಗಿದ್ರೆ ಇನ್ನೊಂದನ್ನ ಕಟ್ತಾರಪ್ಪ."

"ಎಡಗೈಲಿ ರೊಟ್ಟಿ ತಟ್ಟು ನೋಡಾಣ."

ಅವಳು ತಟ್ಟಿದಳು. ರೊಟ್ಟಿ ಭೂಪಟದಂತಾಯಿತು. "ಸೊಟ್ಟಗೈತೆ. ಆದ್ರೆ ಹೊಟ್ಟೆಗೇನು ಗೊತ್ತಾಗ್ತೈತೆ?" ಎಂದು ಅವನ ತಟ್ಟೆಗೇ ಹಾಕಿದಳು.

ಅಂದಿನಿಂದ ಮನೆಯಲ್ಲಿ ಮಣೆಯ ಮೇಲೆ ಚಮಚ ಇಟ್ಟು ಎಡಗೈಯ ಪಾಠ ಶುರುವಾಯಿತು. ಇಪ್ಪತ್ತಾರರ ಗಂಡಸು ಅಕ್ಷರಾಭ್ಯಾಸಕ್ಕೆ ಕೂತಿದ್ದಾನೆಂದು ಅವನಿಗೇ ನಗು ಬರುತ್ತಿತ್ತು, ಬಂದು ಅರ್ಧಕ್ಕೇ ಸಾಯುತ್ತಿತ್ತು. ಇಪ್ಪತ್ತು ದಿನದಲ್ಲಿ ಎಡಗೈ ತಪ್ಪಿಲ್ಲದೆ ಬಡಿಯತೊಡಗಿತು. ನಿಧಾನ, ಮೊಂಡು, ಆದರೆ ತಪ್ಪಿಲ್ಲ.

ಜಂಪಣ್ಣನಿಗೆ ಒಂದು ಕಾರ್ಡು ಬರೆದು ವಿಷಯ ಹೇಳಬಹುದಿತ್ತು. ತಂತಿಯಲ್ಲಿ ಹೇಳುವಂತಿರಲಿಲ್ಲ, ನಾಲ್ಕು ಊರೂ ಕೇಳುತ್ತವೆ. ಕಾರ್ಡನ್ನೂ ಬರೆಯಲಿಲ್ಲ. ಇಡೀ ಜೀವನದಲ್ಲಿ ಒಮ್ಮೆ ಜಾಣನಾಗಲು ಹೊರಟ ತಿಪ್ಪೇರುದ್ರಪ್ಪ ಹೀಗೆ ಲೆಕ್ಕ ಹಾಕಿದ್ದ: ತನ್ನ ಕೈಯನ್ನು ಜಂಪಣ್ಣನಷ್ಟು ಬಲ್ಲವರಿಲ್ಲ. ಹೇಳದೆ ಎಡಗೈಯಲ್ಲಿ ಬಡಿದು ಅವನನ್ನೇ ದಾಟಿಬಿಟ್ಟರೆ ಇನ್‌ಸ್ಪೆಕ್ಟರು ಯಾವ ಲೆಕ್ಕ?

ಇನ್‌ಸ್ಪೆಕ್ಟರು ಬರಲು ನಾಲ್ಕು ದಿನವಿರುವಾಗ, ಮಧ್ಯಾಹ್ನ ತಂತಿ ಸುಮ್ಮನಾದ ಹೊತ್ತಿನಲ್ಲಿ ಎಡಗೈಯನ್ನು ಕೀಯ ಮೇಲಿಟ್ಟು ಹೊಳಲ್ಕೆರೆಯನ್ನು ಕರೆದ. "ಉಂಡ್ಯಾ?"

"ಲೇ, ಇವತ್ತು ಯಾರ ಅಣಕ?" ಎಂದು ಜಂಪಣ್ಣ ಹಿಗ್ಗಿನಿಂದ ಬಡಿದ. "ಬಹಳ ದಿನ ಆತು. ತಡಿ, ಹೇಳ್ತೀನಿ. ಇನ್ನೊಂದಿಷ್ಟು ಬಡಿ."

ತಿಪ್ಪೇರುದ್ರಪ್ಪ ಬಡಿದ. ಅಣಕವಲ್ಲ, ತಾನೇ, ಕ್ಷೇಮ.

ಹೊಳಲ್ಕೆರೆಯ ಬಡಿತದಲ್ಲಿ ಈಗ ಹಿಗ್ಗು ಇರಲಿಲ್ಲ. "ಬಾಲ ಕಾಣ್ತಿಲ್ಲ. ಯಾರಿದು?"

"ನಾನೇ. ತಿಪ್ಪ."

"ತಿಪ್ಪ ಅಲ್ಲ. ತಿಪ್ಪ ಎಲ್ಲಿ?"

ಅವಸರಕ್ಕೆ ಎಡಗೈ ಮುಗ್ಗರಿಸಿತು. ತಿದ್ದಲು ಹೋಗಿ ಮತ್ತೆ ಮುಗ್ಗರಿಸಿತು. ನಾಲ್ಕು ವರ್ಷದಲ್ಲಿ ಜಂಪಣ್ಣ ಅವನಿಂದ ಅಂಥ ಕೊಳಕು ಬಡಿತವನ್ನು ಎಂದೂ ಕೇಳಿರಲಿಲ್ಲ. ಅಣಕದಲ್ಲೂ ಅಷ್ಟು ಕೆಟ್ಟದಾಗಿ ಬಡಿಯಲು ತಿಪ್ಪನಿಂದ ಆಗುತ್ತಿರಲಿಲ್ಲ.

"ಕೀ ಮೇಲಿಂದ ಕೈ ತೆಗೀರಿ" ಎಂದಿತು ಹೊಳಲ್ಕೆರೆ. ಏಕವಚನ ಹೋಗಿತ್ತು. ನಾಲ್ಕು ವರ್ಷದ ಗೆಳೆತನದಲ್ಲಿ ಅವನಿಗೆ ಸಿಕ್ಕ ಮೊದಲ ಮರ್ಯಾದೆ ಅದು.

ಮರುಗಳಿಗೆಯೇ ಹೊಳಲ್ಕೆರೆ ದುರ್ಗದ ಮೇಲಧಿಕಾರಿಯನ್ನು ಕರೆಯಿತು. ತಂತಿ ಒಂದೇ ಆದ್ದರಿಂದ ತನ್ನ ಮೇಲಿನ ದೂರನ್ನು ತಿಪ್ಪೇರುದ್ರಪ್ಪ ಅಕ್ಷರ ಅಕ್ಷರವಾಗಿ ಕೂತು ಕೇಳಬೇಕಾಯಿತು. ಕಟ್ಟೆಯ ಕೀಯಲ್ಲಿ ಹೊರಗಿನವರು ಕೂತಿದ್ದಾರೆ. ತಿಪ್ಪೇರುದ್ರಪ್ಪನ ಹೆಸರು ಹೇಳುತ್ತಿದ್ದಾರೆ. ಒಂದು ತಿಂಗಳಿಂದ ಅವನ ಸದ್ದು ಸರಿಯಿಲ್ಲ. ಅಲ್ಲಿ ಚಳಿಜ್ವರ ಇದೆಯೆಂದು ಕೇಳಿದ್ದೇನೆ. ಅವನಿಗೆ ಏನೋ ಆಗಿದೆ. ದಯವಿಟ್ಟು ಯಾರನ್ನಾದರೂ ಕೂಡಲೇ ಕಳಿಸಿ. ಉದ್ದ ಬಡಿತಗಳನ್ನು ಎಳೆಯದೆ, ಒಂದರ ಮೇಲೊಂದು ಎಡವುತ್ತ, ಜಂಪಣ್ಣ ಗಾಬರಿಯಿಂದ ಬಡಿಯುತ್ತಿದ್ದ. ನಡುವೆ ಬಾಯಿ ಹಾಕಬೇಕೆಂದು ತಿಪ್ಪೇರುದ್ರಪ್ಪ ಎರಡು ಸಲ ಕೈ ಚಾಚಿದ. ಯಾವ ಕೈಯಿಂದ ಹಾಕುವುದು?

ತಪಾಸಣೆಗೆಂದು ದುರ್ಗಕ್ಕೆ ಬಂದಿದ್ದ ಇನ್‌ಸ್ಪೆಕ್ಟರ್ ರಂಗಯ್ಯನವರು ದೂರು ಕೇಳಿ ಮರುದಿನ ಹತ್ತು ಗಂಟೆಗೇ ಜಟಕಾ ಇಳಿದರು. ಬೆಂಗಳೂರಿನ ಕಡೆಯವರು. ಮುಖ ನೋಡಿದರು, ಸರ್ವಿಸ್ ಪುಸ್ತಕದಲ್ಲಿದ್ದ ಹುಬ್ಬಿನ ಮೇಲಿನ ಗಾಯದ ಗುರುತು ನೋಡಿದರು, ಚಿಕ್ಕತಿಮ್ಮಪ್ಪನನ್ನು ಕರೆದು ಕೇಳಿದರು.

"ಇವರೇ ಸ್ವಾಮಿ, ಇನ್ಯಾರು?" ಎಂದ ಮುದುಕ. "ನಾಕು ವರ್ಷದಿಂದ ನನ್ನ ಹತ್ರ ಎಲೆ ಅಡಿಕೆ ಇಸ್ಕಂಡು ತಿಂತಾರೆ. ಸುಳ್ಳು ಮನುಷ್ಯ ಆಗಿದ್ರೆ ತಾವೇ ತರ್ತಿದ್ರು."

"ಹಾಗಾದರೆ ಹೊಳಲ್ಕೆರೆಯವನಿಗೆ ಹುಚ್ಚೇನಯ್ಯ?" ರಂಗಯ್ಯನವರು ತಾವೇ ಕೀ ಹಿಡಿದು ಹೊಳಲ್ಕೆರೆಯನ್ನು ಕರೆದರು. ತಾನು ಇನ್‌ಸ್ಪೆಕ್ಟರು, ಈಗ ಒಬ್ಬ ಬಡಿಯುತ್ತಾನೆ, ಕೇಳಿ ಯಾರೆಂದು ಹೇಳು. ಆಮೇಲೆ ಸ್ಟೂಲು ಬಿಟ್ಟು ಎದ್ದರು. "ಕೂತ್ಕೋ. ಬಡಿ."

ತಿಪ್ಪೇರುದ್ರಪ್ಪ ಎಡಗೈಯಿಂದ ಎರಡು ಸಾಲು ಬಡಿದ. ರಂಗಯ್ಯನವರ ಕಣ್ಣು ಆ ಕೈಯ ಮೇಲೇ ಇತ್ತು.

"ಅಲ್ಲ" ಎಂದಿತು ಹೊಳಲ್ಕೆರೆ. "ನಿನ್ನೆ ಬಡಿದವರು ಇವರೇ. ತಿಪ್ಪೇರುದ್ರಪ್ಪ ಅಲ್ಲ."

"ಬಲಗೈಗೆ ಏನಾಗಿದೆ?" ಎಂದರು ರಂಗಯ್ಯನವರು, ಮೆಲ್ಲಗೆ.

ತಿಪ್ಪೇರುದ್ರಪ್ಪ ಬಲಗೈಯನ್ನು ಕೀಯ ಮೇಲಿಟ್ಟ. ಇದೊಂದು ಸಲ, ಎರಡೇ ಸಾಲು ಎಂದು ಒಳಗೇ ಬೇಡಿಕೊಂಡ. ಮೊದಲ ಮಾತು ಹೋಯಿತು. ಎರಡನೆಯದರ ನಡುವೆ ಬೆರಳು ಅಂಟಿಕೊಂಡಿತು. ಸೌಂಡರು ಒಂದೇ ಸಮನೆ ಹಲ್ಲು ಕಚ್ಚಿ ನಿಂತಿತು. ಎಡಗೈಯಿಂದ ಬಲಗೈಯನ್ನು ಹಿಡಿದು ಎಳೆಯಬೇಕಾಯಿತು. ಮತ್ತೆ ಇಟ್ಟ. ಬಡಿತಗಳು ಚೆಲ್ಲಾಪಿಲ್ಲಿಯಾದವು.

ಹೊಳಲ್ಕೆರೆ ಈ ಸಲ ಯೋಚಿಸಲೂ ಇಲ್ಲ. "ಇವನೂ ಅಲ್ಲ."

ದೂರದಲ್ಲಿ ಬಂಡೆಗೆ ಮದ್ದು ಇಟ್ಟಿದ್ದು ಸಿಡಿಯಿತು. ಎರಡು ಕೈಗಳಲ್ಲಿ ಒಂದರಲ್ಲೂ ತಾನಿಲ್ಲವೆಂಬುದು ತಿಪ್ಪೇರುದ್ರಪ್ಪನಿಗೆ ಹೊಸ ಸುದ್ದಿಯೇನಲ್ಲ. ಆದರೆ ಬಲ್ಲವನ ಬಾಯಲ್ಲಿ ಬಂದಾಗ ಅದು ತೀರ್ಪಾಗಿತ್ತು.

ರಂಗಯ್ಯನವರು ಕೆಟ್ಟವರಲ್ಲ. ಇಂಥ ಕೈಯನ್ನು ಮದ್ರಾಸಿನಲ್ಲಿ ಮೂರು ಕಂಡಿದ್ದೇನೆ, ಒಂದೂ ತಿರುಗಿ ಬರಲಿಲ್ಲ ಎಂದರು. ಎಡಗೈ ತಪ್ಪಿಲ್ಲ, ಆದರೆ ವೇಗ ಅರ್ಧಕ್ಕೂ ಬರದು ಎಂದರು. ಬರೆಯುವಾಗ ಮಾತ್ರ ಮುಖ ತಗ್ಗಿಸಿ ಬರೆದರು. ಕೆಲಸಕ್ಕೆ ಅನರ್ಹ. ನಾಳೆ ದುರ್ಗದಿಂದ ಬೇರೊಬ್ಬ ಬರುತ್ತಾನೆ. "ವಂಚನೆ ಅಂತ ಬರೆಯೋಲ್ಲ ಕಣಯ್ಯ. ಅಷ್ಟು ನನ್ನ ಕೈಲಾಗುತ್ತೆ."

"ದೊಡ್ಡ ಉಪಕಾರ" ಎಂದ ತಿಪ್ಪೇರುದ್ರಪ್ಪ. ಕುಹಕವಾಗಿ ಹೇಳಬೇಕೆಂದಿದ್ದ, ನಿಜವಾಗಿಯೇ ಬಂದುಬಿಟ್ಟಿತು.

ಅಷ್ಟರಲ್ಲಿ ಹೊಳಲ್ಕೆರೆ ಕರೆಯಿತು. "ಸ್ವಾಮಿ, ತಿಪ್ಪೇರುದ್ರಪ್ಪ ಎಲ್ಲಿ? ಜೀವಂತ ಇದ್ದಾನೆಯೇ? ಅದೊಂದು ಹೇಳಿ."

ರಂಗಯ್ಯನವರು ಕೀಗೆ ಕೈ ಹಾಕದೆ ಅವನತ್ತ ತಿರುಗಿದರು. "ನೀನೇ ಹೇಳ್ತೀಯಾ? ಕೂತ್ಕೋ, ಪರವಾಗಿಲ್ಲ. ನಾನು ಹೊರಗಿರ್ತೀನಿ."

ಕೂರಬಹುದಿತ್ತು. ಇಬ್ಬರ ನಡುವಿನ ನೂರು ಮಾತಿದ್ದವು. ದವಡೆಹಲ್ಲಿನ ವಿಷಯ ಒಂದನ್ನು ಬಡಿದರೂ ಜಂಪಣ್ಣ ನಂಬುತ್ತಿದ್ದ. ನಂಬಿದ ಗಳಿಗೆಯಲ್ಲೇ ಅವನಿಗೆ ಇನ್ನೊಂದೂ ಗೊತ್ತಾಗುತ್ತಿತ್ತು: ಗೆಳೆಯನನ್ನು ಕಾಪಾಡಲೆಂದು ಕೂಗಿ, ಗೆಳೆಯನ ಕುರ್ಚಿ ಕಿತ್ತವನು ತಾನೇ ಎಂದು. ಆಮೇಲೆ ಅವನ ಕೈ ಎಂದಾದರೂ ನೆಟ್ಟಗೆ ಬಡಿದೀತೇ? ಒಂದೇ ತಂತಿಯಲ್ಲಿ ಎರಡು ಕೈ ಕೆಡುವುದು ಬೇಡ.

"ಜ್ವರ ಅಂತ ಹೇಳ್ರಿ" ಎಂದ. "ಊರಿಗೆ ಹೋಗ್ಯಾನೆ, ಜೀವಕ್ಕೇನೂ ಇಲ್ಲ ಅಂತ."

ರಂಗಯ್ಯನವರು ಹಾಗೆಯೇ ಬಡಿದರು.

ಹೊಳಲ್ಕೆರೆಯ ಉತ್ತರ ಕೂಡಲೇ ಬಂತು. ಉದ್ದ ಬಡಿತಗಳು ಮತ್ತೆ ಹಿಗ್ಗಿ ಉದ್ದವಾಗಿದ್ದವು. "ದೊಡ್ಡ ಭಾರ ಇಳಿಯಿತು ಸ್ವಾಮಿ. ಅವನು ಬರುವತನಕ ಈ ಇಬ್ಬರನ್ನೂ ಕೀ ಹತ್ತಿರ ಬಿಡಬೇಡಿ. ಒಬ್ಬನದು ಕೆಸರಲ್ಲಿ ಎಮ್ಮೆ ನಡೆದಂತೆ. ಇನ್ನೊಬ್ಬನನ್ನು ಯಾರು ಕೆಲಸಕ್ಕೆ ತಗೊಂಡರೋ ಶಿವನೇ ಬಲ್ಲ."

ರಂಗಯ್ಯನವರು ಕಿಟಕಿಯತ್ತ ನೋಡುತ್ತಿದ್ದರು. ತಿಪ್ಪೇರುದ್ರಪ್ಪ ಗೂಟಕ್ಕೆ ತೂಗುಹಾಕಿದ್ದ ಕೋಟು ತೆಗೆದು ತೊಟ್ಟು ಹೊರಗೆ ಬಂದ. ಬಾಗಿಲಲ್ಲಿದ್ದ ಚಿಕ್ಕತಿಮ್ಮಪ್ಪ ಎದ್ದು ನಿಂತ. ಟಕಟಕ ಅವನಿಗೆ ಬರೀ ಟಕಟಕ.

"ಏನಂದ್ರು ಸ್ವಾಮಿ ಹೊಳಲ್ಕೆರೆಯೋರು?"

"ಮೈ ಹುಷಾರಾಗಿ ನೋಡ್ಕೋ ಅಂದ."

"ಒಳ್ಳೆ ಮನುಷ್ಯ ಬಿಡ್ರಿ."

"ಹೂಂ" ಎಂದ ತಿಪ್ಪೇರುದ್ರಪ್ಪ. "ಬಹಳ ಒಳ್ಳೆಯವನು." ಪಾರ್ವತಮ್ಮನಿಗೆ ಗಂಟುಮೂಟೆ ಕಟ್ಟೆಂದು ಹೇಳಲು ಇಳಿಜಾರಿನ ಕಡೆ ನಡೆದ.